ಕೈಗುಣವೆಂಬ ಮಾಟ: ಅಡುಗೆಮನೆ ಮತ್ತು ಮನಸ್ಸಿನ ಆರೋಗ್ಯ

‘ಕೈಗುಣ’ ಎಂಬ ಮಾತನ್ನು ನಮ್ಮ ಜನರು ಮುಖ್ಯವಾಗಿ ಇಬ್ಬರ ವಿಷಯದಲ್ಲಿ ಬಳಸುತ್ತಾರೆ. ಒಬ್ಬರು ವೈದ್ಯರು, ಇನ್ನೊಬ್ಬರು ಅಡುಗೆ ಮಾಡುವವರು. ಅದೇ ಚೂರ್ಣ, ಅದೇ ಕಷಾಯವಾದರೂ ಇಂಥವರ ಕೈಯಿಂದ ಪಡೆದರೆ ಬೇಗ ಗುಣವಾಗುತ್ತದೆ ಎನ್ನುವವರಿದ್ದಾರೆ. ಅದೇ ಬೇಳೆ, ಅದೇ ಹುಣಸೆಹಣ್ಣು, ಅದೇ ಪಾತ್ರೆಯಾದರೂ ಅಜ್ಜಿ ಮಾಡುತ್ತಿದ್ದ ಸಾರಿನ ರುಚಿ ಯಾರಿಗೂ ಬರಲಿಲ್ಲ ಎನ್ನುವವರು ಅವರಿಗಿಂತ ಹೆಚ್ಚು. ಮೊದಲನೆಯ ಮಾತನ್ನು ಕೇಳಿದಾಗ ವೈದ್ಯರಾದ ನಾವು ಒಳಗೊಳಗೆ ಹಿಗ್ಗುತ್ತೇವೆಯೇ ಹೊರತು ಅದರ ಕಾರಣವನ್ನು ವಿಚಾರಿಸಲು ಹೋಗುವುದಿಲ್ಲ. ಎರಡನೆಯ ಮಾತನ್ನಾದರೂ ವಿಚಾರಿಸಿ ನೋಡುವುದು ಉಪಯುಕ್ತವೆಂದು ಈ ಸಂಚಿಕೆಗೆ ಆ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಅಡುಗೆಯಲ್ಲಿ ಒಂದು ಬಗೆಯ ಮಾಟವಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಅದು ಎಲ್ಲಿದೆ, ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂಬುದೇ ಪ್ರಶ್ನೆ.

ಚರಕ ಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಆಹಾರದ ಹಿತಾಹಿತಗಳನ್ನು ನಿರ್ಣಯಿಸುವ 8 ಅಂಶಗಳನ್ನು ಹೇಳಲಾಗಿದೆ. ಅವುಗಳಲ್ಲಿ ಎರಡನೆಯದು ‘ಕರಣ’, ಅಂದರೆ ಪದಾರ್ಥಕ್ಕೆ ಕೊಡುವ ಸಂಸ್ಕಾರ. ಪದಾರ್ಥದಲ್ಲಿ ಸ್ವಭಾವತಃ ಇಲ್ಲದ ಗುಣವೊಂದನ್ನು ಅದರಲ್ಲಿ ನೆಲೆಗೊಳಿಸುವುದೇ ಸಂಸ್ಕಾರವೆಂದು ಆಚಾರ್ಯರ ಅಭಿಪ್ರಾಯ. ನೀರು ಮತ್ತು ಅಗ್ನಿಯ ಸಂಪರ್ಕ, ತೊಳೆಯುವಿಕೆ, ಕಡೆಯುವಿಕೆ, ಸ್ಥಳ, ಕಾಲ, ಸುವಾಸನೆ ಕೂಡಿಸುವುದು, ಕೊನೆಗೆ ಪಾತ್ರೆ ಕೂಡ ಸಂಸ್ಕಾರದ ಸಾಧನಗಳೇ. ಮೊಸರು ಬಾವನ್ನು ಹೆಚ್ಚಿಸುವಂಥದು. ಅದನ್ನೇ ಕಡೆದು ಮಜ್ಜಿಗೆ ಮಾಡಿದರೆ ಬಾವನ್ನು ಇಳಿಸುವಂಥದಾಗುತ್ತದೆ ಎಂದು ವ್ಯಾಖ್ಯಾನಕಾರರು ಉದಾಹರಿಸುತ್ತಾರೆ. ಹಾಲು ಹೋಗಿ ಹೊಸದೇನೂ ಬಂದಿಲ್ಲ, ಕಡೆಗೋಲು ಮಾತ್ರ ತಿರುಗಿದೆ.

ಇದಕ್ಕಿಂತಲೂ ಸರಳವಾದ ಉದಾಹರಣೆ ಅಕ್ಕಿಯದು. ಶಾರ್ಙ್ಗಧರ ಸಂಹಿತೆಯ ಪ್ರಕಾರ ಅಕ್ಕಿಯನ್ನು 14 ಪಾಲು ನೀರಿನಲ್ಲಿ ಬೇಯಿಸಿದರೆ ಪೇಯ, 6 ಪಾಲು ನೀರಿನಲ್ಲಿ ಬೇಯಿಸಿದರೆ ಯವಾಗು, 4 ಪಾಲು ನೀರಿನಲ್ಲಿ ಬೇಯಿಸಿದರೆ ವಿಲೇಪಿ. ಜ್ವರ ಬಿಟ್ಟ ಮರುದಿನ ಕೊಡತಕ್ಕದ್ದು ಒಂದಾದರೆ, ಹಸಿವು ಮರಳಿದ ಮೇಲೆ ಕೊಡತಕ್ಕದ್ದು ಇನ್ನೊಂದು. ಅಕ್ಕಿಯನ್ನು ಮೊದಲು ಹುರಿದುಕೊಂಡರಂತೂ ಅದು ಇನ್ನಷ್ಟು ಹಗುರವಾಗುತ್ತದೆ. ಒಂದೇ ಡಬ್ಬಿಯ ಅಕ್ಕಿ, ನೀರಿನ ಅಳತೆಯಿಂದಲೇ ಮೂರು ಬಗೆಯ ಪಥ್ಯ. ಬಾಣಂತಿಗೂ ಜ್ವರದ ಮಗುವಿಗೂ ಬೇರೆಬೇರೆ ಗಂಜಿ ಮಾಡುತ್ತಿದ್ದ ನಮ್ಮ ಹಿರಿಯ ತಾಯಂದಿರು ಸಂಹಿತೆಯನ್ನು ಓದಿದವರಲ್ಲ. ಆದರೆ ಈ ಅಳತೆಗಳು ಅವರ ಕೈಯಲ್ಲಿದ್ದವು. ಕೈಗುಣದ ಒಂದು ಪಾಲು ಇದೇ ಆಗಿದೆ. ಕನ್ನಡದಲ್ಲಿಯೂ ಈ ವಿದ್ಯೆ ಹಳೆಯದು. ಬಸವಾದಿ ಶರಣರ ಕಾಲಕ್ಕಿಂತ ಒಂದು ಶತಮಾನ ಮೊದಲು, ಅಂದರೆ ಕ್ರಿ.ಶ. 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೈದ್ಯ, ಕೃಷಿ, ಜಲಶೋಧನೆಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನವಿದೆ.

ಇನ್ನು ಒಗ್ಗರಣೆಯ ವಿಷಯ. ಕಾದ ಎಣ್ಣೆಗೆ ಬಿದ್ದ ಸಾಸಿವೆಕಾಳಿನೊಳಗಿನ ತೇವಾಂಶವು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಸಿಪ್ಪೆಯನ್ನು ಒಡೆದುಕೊಂಡು ಬರುತ್ತದೆ. ಚಟಪಟ ಸದ್ದು ಅದರದೇ. ಇಂಗು, ಜೀರಿಗೆ, ಬೆಳ್ಳುಳ್ಳಿ, ಕರಿಬೇವುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶವೂ ಹಾಗೆಯೇ ಜಿಡ್ಡಿನಲ್ಲಿ ಕರಗುವಂಥದು. ಮೆಣಸಿನ ಕಾಳು ಜೊತೆಗಿದ್ದರೆ ದೇಹವು ಅದನ್ನು ಇನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆ ಪರಿಮಳವು ಪಡಸಾಲೆಯಲ್ಲಿ ಕುಳಿತವರ ಮೂಗನ್ನು ಮುಟ್ಟಿದ ಕೂಡಲೆ ಬಾಯಲ್ಲಿ ನೀರೂರುತ್ತದೆ, ಜಠರದಲ್ಲಿ ರಸ ಸ್ರವಿಸತೊಡಗುತ್ತದೆ. ತುತ್ತು ಇನ್ನೂ ತಟ್ಟೆಗೇ ಬಂದಿಲ್ಲ, ಜೀರ್ಣಕ್ರಿಯೆ ಆರಂಭವಾಗಿದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ಅವರು ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ ಜೀರ್ಣರಸಗಳ ಮೇಲೆ ನರಮಂಡಲದ ಹಿಡಿತವನ್ನು ತೋರಿಸಿಕೊಟ್ಟರು. ಆ ಕೆಲಸಕ್ಕಾಗಿ 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ವಾಸನೆಯ ನರಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳ ಕೇಂದ್ರಗಳಿಗೆ ಬಹಳ ಸಮೀಪದ ದಾರಿಯಲ್ಲಿ ತಲುಪುತ್ತವೆ. ಎಲ್ಲಿಯೋ ಯಾರದೋ ಮನೆಯ ಕಿಟಕಿಯಿಂದ ಬಂದ ಒಗ್ಗರಣೆಯ ಘಮಕ್ಕೆ ನಮ್ಮ ತವರು, ನಮ್ಮ ತಾಯಿ ಥಟ್ಟನೆ ನೆನಪಾಗುವುದು ಇದೇ ಕಾರಣದಿಂದ.

ಹೊರಗಿನಿಂದ ಪೊಟ್ಟಣದಲ್ಲಿ ಬಂದ ಊಟದಲ್ಲಿ ರುಚಿ ಇರಬಹುದು, ಈ ಪೂರ್ವಭಾಗ ಇರುವುದಿಲ್ಲ. ಗಂಟೆಗಟ್ಟಲೆ ಮೊಬೈಲು ನೋಡುತ್ತ ಕುಳಿತವರ ಮುಂದೆ ಊಟ ಒಮ್ಮೆಲೇ ಬಂದು ಬೀಳುತ್ತದೆ. ಹೊಟ್ಟೆಗೆ ಸೂಚನೆಯೇ ಹೋಗಿರುವುದಿಲ್ಲ. ಚಿಂತೆ, ಶೋಕ, ಭಯ, ಕೋಪ, ನಿದ್ರೆಗೇಡುಗಳಿಂದ ಕೂಡಿದವನಿಗೆ ಪಥ್ಯವಾದ ಆಹಾರವನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಸರಿಯಾಗಿ ಪಚನವಾಗದೆಂದು ಚರಕರು ಎಚ್ಚರಿಸಿದ್ದಾರೆ. ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡು ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನರಿಗೆ ಏನು ತಿಂದಿರಿ ಎಂದು ಕೇಳುವುದಕ್ಕಿಂತ ಮೊದಲು ಹೇಗೆ ತಿಂದಿರಿ ಎಂದು ಕೇಳಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಉಣ್ಣುವವರ ಮಾತು. ಅಡುಗೆ ಮಾಡುವವರ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ನೋಡೋಣ.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಆದುದರಿಂದ ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಸೀಳಿಹೋಗುತ್ತದೆ. ಕುದಿಯುವ ಎಸರನ್ನು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ಬಿಸಿ ಇರುವಾಗಲೇ ನಾದಬೇಕು. ಆಮೇಲೆ ಬಡಿಯುವುದು. ಎಡಗೈ ತಿರುಗಿಸುತ್ತಿರಬೇಕು, ಬಲಗೈ ತಟ್ಟುತ್ತಿರಬೇಕು, ಅಂಚು ಸೀಳಿತೆಂದರೆ ಬೆರಳು ಅಲ್ಲಿಗೇ ಹೋಗಿ ಕೂಡಿಸಬೇಕು. ಹಂಚು ಎಷ್ಟು ಕಾದಿದೆ ಎಂಬುದನ್ನು ಕೈ ಹತ್ತಿರ ಹಿಡಿದು ತಿಳಿಯಬೇಕು. ಮೇಲೆ ನೀರು ಸವರಿ, ಅದು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಕೊನೆಗೆ ಒಳಗಿನ ತೇವವೆಲ್ಲ ಆವಿಯಾಗಿ ರೊಟ್ಟಿ ಉಬ್ಬಿ ನಿಲ್ಲುತ್ತದೆ. ದಿನಾಲೂ ನೋಡಿದವರೂ ಆ ಕ್ಷಣದಲ್ಲಿ ಒಮ್ಮೆ ಅದರತ್ತ ಕಣ್ಣು ಹಾಯಿಸದೆ ಇರುವುದಿಲ್ಲ. ಕೈ, ಕಣ್ಣು, ಕಿವಿ, ಮೂಗು ಎಲ್ಲವೂ ಒಂದೇ ಕೆಲಸದ ಮೇಲೆ ನೆಟ್ಟಿರುವ ಹೊತ್ತಿನಲ್ಲಿ ಚಿಂತೆಗೆ ಜಾಗ ಕಡಿಮೆ. ಉಸಿರು ಬಡಿತದ ಲಯಕ್ಕೆ ಹೊಂದಿಕೊಳ್ಳುತ್ತದೆ. ಇದನ್ನು ಶಿವಯೋಗಕ್ಕೆ ಸಮವೆನ್ನುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಆದರೆ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿಯನ್ನು ನಿಲ್ಲಿಸಲು ಪ್ರಯತ್ನಿಸಿದವರಿಗೆ, ಚಂಚಲವಾದ ಮನಸ್ಸಿಗೆ ಹಿಡಿದುಕೊಳ್ಳಲು ಎದುರಿಗೆ ಏನಾದರೂ ಇರಬೇಕೆಂಬ ಮಾತು ಬೇಗ ಅರ್ಥವಾದೀತು.

ಅಡುಗೆಗೆ ಇನ್ನೂ ಒಂದು ಗುಣವಿದೆ. ನಮ್ಮ ಬಹುತೇಕ ಚಿಂತೆಗಳಿಗೆ ತುದಿಯಿಲ್ಲ. ಮಗನ ಕೆಲಸ, ಹೊಲದ ಸಾಲ, ಮೊಣಕಾಲಿನ ನೋವು ಇಂದು ಮುಗಿಯುವ ಸಂಗತಿಗಳಲ್ಲ. ಸಾರು ಮಾತ್ರ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಮತ್ತು ಅದನ್ನು ಒಬ್ಬರು ಉಂಡು ತೃಪ್ತರಾಗುತ್ತಾರೆ. ಆರಂಭವೂ ಅಂತ್ಯವೂ ಫಲವೂ ಕಣ್ಣೆದುರೇ ಇರುವ ಇಂಥ ಕಾಯಕವು ಕುಗ್ಗಿದ ಮನಸ್ಸಿಗೆ ಆಸರೆಯಾಗುತ್ತದೆ. ಪಾರ್ಶ್ವವಾಯು ಆದವರಿಗೆ ಮತ್ತು ಮನೋರೋಗಗಳಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಆಸ್ಪತ್ರೆಗಳಲ್ಲಿ ಅಡುಗೆಯ ಕೆಲಸಗಳನ್ನು ಅಭ್ಯಾಸ ಮಾಡಿಸುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ಬೇಕರಿಯ ಕೆಲಸವೂ ಸೇರಿದೆ.

ಇಷ್ಟನ್ನು ಬರೆದು ಲೇಖನಿ ಕೆಳಗಿಟ್ಟರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಭುಜದ ನೋವೆಂದು ಬಂದ ಕೂಡುಕುಟುಂಬದ ತಾಯಿಯೊಬ್ಬರಿಗೆ ಅಡುಗೆಯಿಂದ ಮನಸ್ಸು ಹಗುರವಾಗುತ್ತದೆ ಎಂಬ ಅರ್ಥದ ಮಾತನ್ನು ನಾವು ಹೇಳಿದಾಗ ಆಕೆ ಕೊಟ್ಟ ಉತ್ತರ ಇಂತಿತ್ತು: “ಡಾಕ್ಟರ್ರ, ನಮ್ಮ ಮನ್ಯಾಗ ದಿನಾ ನಲವತ್ತು ರೊಟ್ಟಿ ಆಗಬೇಕ್ರಿ. ರೊಟ್ಟಿ ಬಡಿಯೋದ್ರಾಗ ಸಮಾಧಾನ ಐತಿ ಅನ್ನೋರನ್ನ ಒಂದ ದಿನ ನಮ್ಮ ಒಲಿ ಮುಂದ ಕುಂದರಸ್ರಿ.” ಆಕೆಯ ಯಜಮಾನರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರನ್ನು ಒಳಗೆ ಕರೆದೆವು. ಔಷಧಚೀಟಿಯಲ್ಲಿ ಹಚ್ಚುವ ಎಣ್ಣೆಯ ಹೆಸರಿನ ಕೆಳಗೆ ‘ವಾರಕ್ಕೆ ಎರಡು ದಿನ ರಾತ್ರಿಯ ಅಡುಗೆ ಯಜಮಾನರದು’ ಎಂದು ಬರೆದುಕೊಟ್ಟೆವು. ತಿಂಗಳ ನಂತರ ಬಂದಾಗ ವಿಚಾರಿಸಿದರೆ, “ಒಂದ ದಿನ ಮಾಡ್ಯಾರ್ರಿ, ಉಪ್ಪಿಟ್ಟು” ಎಂದು ಆಕೆ ನಕ್ಕರು. ಭುಜದ ನೋವು ಅರ್ಧ ಮಾತ್ರ ಇಳಿದಿತ್ತು.

ಒಂದೇ ಒಲೆ ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ಸೆರೆ. ವ್ಯತ್ಯಾಸ ಒಲೆಯಲ್ಲಿಲ್ಲ. ತಾನಾಗಿ ಒಲಿದು ಮಾಡಿದ್ದು, ಮಾಡಿದ್ದಕ್ಕೆ ಒಂದು ಒಳ್ಳೆಯ ಮಾತು ಸಿಕ್ಕಿದ್ದು, ಬೇಡವೆನಿಸಿದ ದಿನ ಬಿಡಲು ಸಾಧ್ಯವಿದ್ದದ್ದು, ಈ ಮೂರು ಇದ್ದ ಕಡೆ ಮಾತ್ರ ನಾವು ಮೇಲೆ ವರ್ಣಿಸಿದ ಮಾಟ ಕೆಲಸ ಮಾಡುತ್ತದೆ. ಮುಂಜಾನೆ ಐದಕ್ಕೆ ಎದ್ದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ನಿಂತುಕೊಂಡೇ ಉಂಡು, ಮತ್ತೆ ಪಾತ್ರೆ ಬೆಳಗುವ ಸೊಸೆಗೆ ಅಡುಗೆಯೇ ಧ್ಯಾನವೆಂದು ಉಪದೇಶಿಸುವುದು ಅನ್ಯಾಯ. ರಕ್ತಹೀನತೆ, ನಡುನೋವು, ನಿದ್ರೆಗೇಡುಗಳನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಅನೇಕರು ಇಂಥ ಮನೆಗಳಿಂದಲೇ ಬರುತ್ತಾರೆ.

ಈ ವಿಷಯದಲ್ಲಿ ಲಿಂಗಾಯತ ಮನೆಗಳಿಗೆ ನೆಪ ಹೇಳಲು ಅವಕಾಶವೇ ಇಲ್ಲ. ಕಾಯಕದಲ್ಲಿ ಮೇಲು ಕೀಳೆಂಬುದನ್ನು ಶರಣರು ಒಪ್ಪಲಿಲ್ಲ. ಮಠಗಳ ದಾಸೋಹದ ಮನೆಯಲ್ಲಿ ಮಣಭಾರದ ಕೊಪ್ಪರಿಗೆಗಳ ಮುಂದೆ ನಿಂತು ಅನ್ನ ಬಸಿಯುವವರು ಗಂಡಸರೇ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ದಿನವೂ ಪ್ರಸಾದ ಸಿದ್ಧವಾಗುವುದನ್ನು ಕಂಡವರು ನಮ್ಮಲ್ಲಿ ಬಹಳ ಜನರಿದ್ದೇವೆ. ಜಾತ್ರೆಯಲ್ಲಿ ಸೌಟು ಹಿಡಿದು ಭಕ್ತಿಯಿಂದ ಬಡಿಸಿದ ಕೈ ಮನೆಗೆ ಬಂದ ಕೂಡಲೆ ನೀರಿನ ಲೋಟಕ್ಕೂ ಇನ್ನೊಬ್ಬರನ್ನು ಕೂಗುವುದು ವಿಚಿತ್ರ. ಮುಟ್ಟಿನ ಸೂತಕವನ್ನೂ ಶರಣರು ಪಂಚಸೂತಕಗಳಲ್ಲಿ ಒಂದೆಂದು ನಿರಾಕರಿಸಿದ್ದಾರೆ. ಆ ದಿನಗಳಲ್ಲಿ ತಾಯಂದಿರಿಗೆ ಒಲೆಯ ಕೆಲಸದಿಂದ ಬಿಡುವು ಬೇಕಾದರೆ ಅದನ್ನು ವಿಶ್ರಾಂತಿಯೆಂದೇ ಕೊಡಬೇಕು. ಮೈಲಿಗೆಯ ಹೆಸರಿನಲ್ಲಿ ಹೊರಗೆ ಕೂಡಿಸಬಾರದು.

ಗಂಡಸರು ಅಡುಗೆ ಕಲಿಯಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಬರಿಯ ನ್ಯಾಯ ಮಾತ್ರ ಕಾರಣವಲ್ಲ, ಅವರ ಆರೋಗ್ಯವೂ ಕಾರಣ. ನಿವೃತ್ತರಾದ ಶಿಕ್ಷಕರೊಬ್ಬರು ಪತ್ನಿ ಲಿಂಗೈಕ್ಯರಾದ ಐದಾರು ತಿಂಗಳ ಮೇಲೆ ನಮ್ಮಲ್ಲಿಗೆ ಬಂದಿದ್ದರು. ತೂಕ ಇಳಿದಿತ್ತು, ಬಾಯಿಹುಣ್ಣು, ಮಲಬದ್ಧತೆ, ನಿದ್ರೆಯಿಲ್ಲ. ಹಗಲು ಬ್ರೆಡ್ಡು, ಚಹಾ, ಬಿಸ್ಕತ್ತು. ರಾತ್ರಿ ಖಾನಾವಳಿಯ ಡಬ್ಬಿ, ಅದೂ ಅರ್ಧ ಉಳಿಯುತ್ತಿತ್ತು. ಮಕ್ಕಳು ದೂರದ ಊರುಗಳಲ್ಲಿ. ರಕ್ತಪರೀಕ್ಷೆಗಳನ್ನು ಮಾಡಿಸಿದೆವು, ಮನೋವೈದ್ಯರ ಬಳಿಗೂ ಕಳುಹಿಸಿದೆವು. ಅವರು ಕೊಟ್ಟ ಮಾತ್ರೆಯ ಜೊತೆಗೆ ನಮ್ಮದೂ ಒಂದು ಚಿಕಿತ್ಸೆ ಇರಲೆಂದು ಸಂಜೆಯ ಗಂಜಿಯನ್ನು ತಾವೇ ಮಾಡಿಕೊಳ್ಳಬೇಕೆಂದು ಸೂಚಿಸಿದೆವು. ಮೊದಲ ವಾರ ಅವರಿಗೆ ಅಕ್ಕಿಯ ಡಬ್ಬಿ ಯಾವುದು, ರವೆಯ ಡಬ್ಬಿ ಯಾವುದು ಎಂಬುದೇ ತಿಳಿಯಲಿಲ್ಲವಂತೆ. ಡಬ್ಬಿಗಳಿಗೆ ಚೀಟಿ ಅಂಟಿಸಿಕೊಂಡರು. ಎರಡು ತಿಂಗಳಲ್ಲಿ ತೊವ್ವೆ, ಪಲ್ಯಗಳವರೆಗೆ ಬಂದರು. ಪತ್ನಿಯ ಮೆಂತ್ಯದ ಪುಡಿಯ ಅಳತೆ ಮಗಳಿಗೆ ಗೊತ್ತಿತ್ತು. ಅದನ್ನು ದೂರವಾಣಿಯಲ್ಲಿ ಕೇಳಿ ಬರೆದುಕೊಂಡೆನೆಂದು ಹೇಳುವಾಗ ಅವರ ಕಣ್ಣು ತುಂಬಿಬಂದವು. ದುಃಖ ಹೋಯಿತೆಂದು ನಾವು ಹೇಳುವುದಿಲ್ಲ. ತೂಕ ಮರಳಿತು, ಸಂಜೆಯ ಆರರಿಂದ ಏಳರವರೆಗಿನ ಹೊತ್ತನ್ನು ಕಳೆಯುವ ಬಗೆ ಸಿಕ್ಕಿತು. ಒಬ್ಬಂಟಿಯಾದ ಹಿರಿಯರಿಗೆ ಆ ಹೊತ್ತೇ ಎಲ್ಲಕ್ಕಿಂತ ಕಠಿಣವಾದದ್ದು.

ಅಡುಗೆಮನೆಯ ಮಾಟವೆಂದ ಮೇಲೆ ದೃಷ್ಟಿ ತೆಗೆಯುವ ವಿಷಯವನ್ನು ಬಿಡುವಂತಿಲ್ಲ. ಉತ್ತರ ಯುರೋಪಿನ ಕೆಲವು ಮನೆಗಳಲ್ಲಿ ಹಾಲು ಉಕ್ಕದಿರಲಿ, ತಳ ಹತ್ತದಿರಲಿ ಎಂದು ಒಲೆಯ ಬಳಿ ಮಾಟಗಾತಿಯ ಗೊಂಬೆಯೊಂದನ್ನು ತೂಗುಬಿಡುವ ವಾಡಿಕೆಯಿದೆ. ಅದು ನಿರಪಾಯವಾದ ಅಲಂಕಾರ. ನಮ್ಮಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿಗಳನ್ನು ಮಗುವಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬಾರದಿದ್ದರೆ ದೃಷ್ಟಿ ತಾಗಿತ್ತು ಎನ್ನುತ್ತಾರೆ. ಘಾಟು ಬರುವುದೂ ಬಾರದಿರುವುದೂ ಉರಿಯ ಕಾವಿಗೆ, ಗಾಳಿಯ ದಿಕ್ಕಿಗೆ, ಮೆಣಸಿನಕಾಯಿಯ ತಳಿಗೆ ಸಂಬಂಧಿಸಿದ್ದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದರಲ್ಲಿ ಖಾರ ಹೆಚ್ಚು. ದೃಷ್ಟಿ ತಾಗುವುದು ಅಂಗಡಿಯಲ್ಲಿ ಯಾವ ಮೆಣಸಿನಕಾಯಿ ಸಿಕ್ಕಿತು ಎಂಬುದರ ಮೇಲೆ ನಿಂತಿದ್ದರೆ ಅದೊಂದು ವಿನೋದವೇ ಸರಿ. ಅಜ್ಜಿ ಮಗುವನ್ನು ಎತ್ತಿಕೊಂಡು, ತಲೆ ನೇವರಿಸಿ, ಮೆಲುದನಿಯಲ್ಲಿ ಮಾತನಾಡಿದಾಗ ಅಳುವ ಮಗು ಸುಮ್ಮನಾಗುವುದು ನಿಜ. ಆ ಗುಣ ಅಜ್ಜಿಯ ಕೈಯದು, ಮೆಣಸಿನಕಾಯಿಯದಲ್ಲ. ಮೆಣಸಿನಕಾಯಿಯ ಹೊಗೆಯಾದರೋ ಎಳೆಯ ಮಗುವಿನ ಉಸಿರಿನ ದಾರಿಗೆ ಉರಿ ತರಿಸುತ್ತದೆ. ಉಬ್ಬಸವಿದ್ದ ಮಗುವಿಗೆ ಅದು ಅಪಾಯಕಾರಿ. ಇದಕ್ಕಿಂತಲೂ ದೊಡ್ಡ ಅಪಾಯವೆಂದರೆ ಕಳೆದುಹೋಗುವ ಸಮಯ. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ, ಯಾವ ವಯಸ್ಸಿನ ಮಗುವಾದರೂ ಹಾಲು ಕುಡಿಯುವುದನ್ನು ಅಥವಾ ಉಣ್ಣುವುದನ್ನು ಪೂರ್ತಿ ಬಿಟ್ಟರೆ, ಉಸಿರು ವೇಗವಾದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ನಿವಾಳಿಸುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಶಕುನ, ಮಾಟಗಳ ಭಯವನ್ನು ಬಿಡಿಸಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಇದನ್ನು ಹೇಳಬೇಕಾಗಿ ಬಂದಿರುವುದಕ್ಕೆ ಸಂಕೋಚವೆನಿಸುತ್ತದೆ. ಆದರೂ ಹೇಳದೆ ವಿಧಿಯಿಲ್ಲ.

ಅಡುಗೆಯು ಮನಸ್ಸಿಗೆ ಆಸರೆ ಎಂದೆವು, ಔಷಧಕ್ಕೆ ಬದಲಿ ಎನ್ನಲಿಲ್ಲ. ಎರಡು ವಾರಗಳಿಗಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ, ನಿದ್ರೆ ಹಸಿವುಗಳು ಕೆಟ್ಟಿದ್ದರೆ, ಬದುಕೇ ಬೇಡವೆಂಬ ಯೋಚನೆ ಸುಳಿಯುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಅಡುಗೆಮನೆಯೂ ಮನಸ್ಸಿಗೆ ಹಿತವಾಗಿರಬೇಕು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ರಾಜನ ಪಾಕಶಾಲೆಯು ವಿಶಾಲವಾಗಿ, ಶುಚಿಯಾಗಿ, ಜಾಲಂಧ್ರ ಗವಾಕ್ಷಗಳಿಂದ ಕೂಡಿರಬೇಕೆಂದು ಹೇಳಿದೆ. ನಮ್ಮ ಎಷ್ಟೋ ಮನೆಗಳಲ್ಲಿ ದೊಡ್ಡ ಕಿಟಕಿ ಪಡಸಾಲೆಗೆ, ಕತ್ತಲೆಯ ಮೂಲೆ ಅಡುಗೆಗೆ. ಕಟ್ಟಿಗೆಯ ಒಲೆಯ ಹೊಗೆ ಶ್ವಾಸಕೋಶಕ್ಕೂ ಕಣ್ಣಿಗೂ ಹಾನಿ. ಹೊಗೆ ಹೊರಹೋಗಲು ದಾರಿ ಇಲ್ಲದ ಕಡೆ ಯಾವ ನೆಮ್ಮದಿಯೂ ಬಾರದು. ಮರೆವು ಹೆಚ್ಚಾದ ಹಿರಿಯರು ಗ್ಯಾಸ್ ಒಲೆಯ ಮುಂದೆ ಒಬ್ಬರೇ ಇರಬಾರದು. ಅವರಿಗೆ ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಬೇಳೆ ಆರಿಸುವುದು ಇವುಗಳನ್ನು ಕೊಡಿ. ಆರಿಸಿದ್ದನ್ನು ಅವರ ಕಣ್ಣೆದುರೇ ಮತ್ತೆ ಆರಿಸಬೇಡಿ.

ಇದುವರೆಗೆ ಒಲೆಯ ಹತ್ತಿರ ಹೋಗದವರು ಆರಂಭಿಸುವುದಾದರೆ ಒಬ್ಬರಿಗೆ ಸಾಕಾಗುವಷ್ಟು ಹೆಸರುಬೇಳೆಯ ಗಂಜಿಯಿಂದ ಆರಂಭಿಸಲಿ. ಎರಡು ಚಮಚ ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ನಾಲ್ಕು ಚಮಚ ಅಕ್ಕಿಯ ಜೊತೆ ತೊಳೆದು, ಎಂಟು ಪಾಲು ನೀರಿನಲ್ಲಿ, ಕುಕ್ಕರಿನಲ್ಲಿ ಇಡದೆ ತೆರೆದ ಪಾತ್ರೆಯಲ್ಲಿಯೇ ಬೇಯಿಸಬೇಕು. ಚಿಟಿಕೆ ಅರಿಸಿನ, ಸ್ವಲ್ಪ ಜಜ್ಜಿದ ಶುಂಠಿ, ಕೊನೆಯಲ್ಲಿ ಉಪ್ಪು. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ. ರಕ್ತದೊತ್ತಡವಿದ್ದವರು ಉಪ್ಪನ್ನು ಇಳಿಸಲಿ, ಮಧುಮೇಹವಿದ್ದವರು ಅಕ್ಕಿಯ ಬದಲು ನವಣೆ ಬಳಸಲಿ, ಪ್ರಮಾಣ ಮೀರದಿರಲಿ. ಬೇಯಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಸೌಟಿನಿಂದ ಆಗಾಗ ತಿರುವುತ್ತ ಅಲ್ಲಿಯೇ ನಿಲ್ಲಬೇಕು. ಮೊದಲ ದಿನ ತಳ ಹತ್ತಿದರೆ ಪಾತ್ರೆಗೆ ನೀರು ತುಂಬಿಸಿ ಇಟ್ಟುಬಿಡಿ. ಬೆಳಗಾಗುವಷ್ಟರಲ್ಲಿ ತಾನೇ ಬಿಟ್ಟುಕೊಂಡಿರುತ್ತದೆ.